ಉಪಚಾರದ ವಾಮನಯ್ಯ ಹೋಗಿ ಬಂದದ್ದು

ನಮ್ಮೂರಿನಲ್ಲಿ ಮನೆಯಿಂದ ಹೊರಡುವವರು ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ನಿಮ್ಮೂರಿನಲ್ಲೂ ಅನ್ನುವುದಿಲ್ಲ, ಗೊತ್ತು. ಆದರೆ ನಿಮ್ಮದು ಬರೀ ಮರ್ಯಾದೆ. ನಮ್ಮಲ್ಲಿ ಹೊಸಿಲ ಬಳಿ ನಿಂತು ಒಬ್ಬ 'ಹೋಗಿ ಬರ್ತೀನಿ' ಅಂದು, ಕಳಿಸುವವರು 'ಹೋಗಿ ಬನ್ನಿ' ಅಂದುಬಿಟ್ಟರೆ ಮುಗಿಯಿತು. ಅವನು ಎಲ್ಲಿಗೇ ಹೋಗಿರಲಿ, ಕಾಲು ಅವನನ್ನು ತಂದು ಅದೇ ಹೊಸಿಲ ಮೇಲೆ ನಿಲ್ಲಿಸುತ್ತದೆ. 'ಹೋಗ್ತೀನಿ' ಅಂತ ಹೇಳಿ ಹೋದವನು ತಲೆಕೆಳಗಾಗಿ ನಿಂತರೂ ಆ ಹೊಸಿಲು ದಾಟಲಾರ.

ನಮ್ಮ ಬೀದಿಯ ಗೌರಜ್ಜಿ ಸಾಯುವಾಗ ಅಭ್ಯಾಸಬಲದಿಂದ "ಬರ್ತೀನ್ರಪ್ಪಾ" ಅಂದಳು. ಮೊಮ್ಮಗ ಅಳುತ್ತಾ ಅಳುತ್ತಾ "ಹೋಗ್ಬಾ ಅಜ್ಜಿ" ಅಂದುಬಿಟ್ಟ. ವೈಕುಂಠ ಸಮಾರಾಧನೆಯ ದಿನ ಅಜ್ಜಿ ಬಂದು ಪಂಕ್ತಿಯ ತುದಿಯಲ್ಲಿ ಕೂತು, ವಡೆಗೆ ಉಪ್ಪು ಸಾಲದು ಎಂದಳು. ಆಮೇಲೆ ಎಷ್ಟೋ ವರ್ಷ ಬದುಕಿದಳು. ಅದಕ್ಕೇ ಸಾವಿನ ಮನೆಯಲ್ಲಿ ನಾವು ಬಾಯಿ ಹೊಲಿದುಕೊಂಡು ಕೂರುತ್ತೇವೆ. ಇನ್ನು ಮೂಲೆಮನೆಯ ಪದ್ಮನಾಭನ ಕಥೆಯೇ ಬೇರೆ. ಅವನು ಮರ್ಯಾದೆಯಾಗಿಯೇ 'ಹೋಗಿ ಬರ್ತೀನಿ ಅತ್ತೆ' ಅಂದಿದ್ದ. ಏನೋ ಸಿಟ್ಟಿನಲ್ಲಿದ್ದ ಅತ್ತೆ 'ಹೋಗಿ' ಎಂದು ಅಷ್ಟಕ್ಕೇ ನಿಲ್ಲಿಸಿದಳು. ಬರಿದೇ 'ಹೋಗಿ' ಅಂದರೆ ಆಚೆಗೆ ಅಗುಳಿ ಹಾಕಿದ ಹಾಗೆಯೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಆಕೆ ಎಷ್ಟು ಕರೆದರೂ ಅಳಿಯನ ಕಾಲು ಹೊಸಿಲ ಮೇಲೆ ಏಳಲೇ ಇಲ್ಲ. ಈಗಲೂ ಹಬ್ಬಕ್ಕೆ ಬಂದರೆ ಅವನಿಗೆ ಜಗಲಿಯಲ್ಲೇ ಎಲೆ ಹಾಕುತ್ತಾರೆ, ಮಳೆ ಬಂದರೆ ಹೆಂಡತಿ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತಾಳೆ.

ನಮ್ಮ ದೇಶ ದೊಡ್ಡದೇನಲ್ಲ. ಈ ಊರು, ಸುತ್ತ ಉಪ್ಪಿನ ಗದ್ದೆಗಳು, ಅವುಗಳಾಚೆ ಹತ್ತಿಪ್ಪತ್ತು ಹಳ್ಳಿ. ಆಳುವವನು ಕೂರುವುದಕ್ಕೆ ಚಾವಡಿಯಲ್ಲಿ ಒಂದು ಬೆತ್ತದ ದೊಡ್ಡಕುರ್ಚಿ. ಮೂರು ವರ್ಷ ಒಬ್ಬರು ಕೂರಬೇಕು. ಅವಧಿ ಮುಗಿದ ದಿನ ಚಾವಡಿಯ ಹೊಸಿಲಿಗೆ ಬಂದು, ನೆರೆದ ಜನರ ಎದುರು 'ಹೋಗ್ತೀನಿ' ಅನ್ನಬೇಕು. ಊರಿಗೆ ಊರೇ ತುಟಿ ಪಿಟಕ್ಕೆನ್ನದೆ ಮನೆಗೆ ಹೋಗಬೇಕು. ನಮ್ಮ ರಾಜ್ಯಶಾಸ್ತ್ರವೆಲ್ಲ ಇಷ್ಟೇ. ಇಳಿದವರು ಆಮೇಲೆ ಚಾವಡಿಯಲ್ಲಿ ಏನಾದರೂ ಕೆಲಸವಿದ್ದರೆ ಬೀದಿಯಲ್ಲಿ ನಿಂತು ಕೂಗಿ ಹೇಳಬೇಕಿತ್ತು. ಹೊಸಬರು ಕೂರುವ ಮೊದಲು ಕುರ್ಚಿಗೆ ಹೊಸ ಬೆತ್ತ ಹೆಣೆಯುವುದು ನನ್ನ ಕೆಲಸ. ನನ್ನ ಹೆಸರು ಶೇಷಗಿರಿ. ಬೆತ್ತ ಬಾಗಿದ ಹಾಗೆ ಬಾಗುವ ಮನುಷ್ಯ ಅಂತ ಜನ ನನ್ನನ್ನು ಆಡಿಕೊಳ್ಳುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ. ಯಾರು ಎಲ್ಲಿಗೆ ಹೊರಟರೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ 'ಹೋಗಿ ಬನ್ನಿ' ಅನ್ನುವುದು ನಾನೇ.

ನನ್ನ ಹೆಂಡತಿ ಅಂಬುಜ ನನಗೆ ಪೂರ್ತಿ ಉಲ್ಟಾ. ಅವಳು ಬಾಯಿ ತೆರೆದರೆ ಎದುರಿನ ಮನೆಯವರು ಕಿಟಕಿ ಮುಚ್ಚುತ್ತಾರೆ, ಪಕ್ಕದ ಮನೆಯವರು ತೆರೆಯುತ್ತಾರೆ. ಸಾರು ಚೆನ್ನಾಗಿಲ್ಲದಿದ್ದರೆ ಬಡಿಸಿದವರ ಮುಖಕ್ಕೇ ಹೇಳಿಬಿಡುತ್ತಾಳೆ. ಮದುವೆ ಮನೆಗಳಲ್ಲಿ ನಾನು ಅವಳ ಪಕ್ಕದಲ್ಲೇ ಕೂತು, ಹೊತ್ತು ಹೊತ್ತಿಗೆ ಅವಳ ಕಾಲು ತುಳಿಯುತ್ತಿದ್ದೆ. ಹಾಗಿದ್ದರೂ ಅವಳಿಲ್ಲದ ಮನೆಯಲ್ಲಿ ನನಗೆ ಒಂದು ಹೊತ್ತು ಕಳೆಯುವುದಕ್ಕೂ ಆಗುವುದಿಲ್ಲ. ಅವಳೆಂದರೆ ನನಗೆ ಪ್ರಾಣ.

ಕಷ್ಟಕಾಲ ಶುರುವಾದದ್ದು ಸಮುದ್ರ ಹಿಂದೆ ಸರಿದಾಗ. ಒಂದು ಬೇಸಿಗೆಯಲ್ಲಿ ಅದು ಹೇಳದೆ ಕೇಳದೆ ಹೊರಟುಹೋಯಿತು. 'ಬರ್ತೀನಿ' ಅಂದಿದ್ದರೆ ನಾವೆಲ್ಲ ನೆಮ್ಮದಿಯಿಂದ ಕಾಯುತ್ತಿದ್ದೆವು. ಗದ್ದೆಗಳಲ್ಲಿ ಉಪ್ಪು ಏಳಲಿಲ್ಲ. ಉಪ್ಪು ಕೊಟ್ಟು ಅಕ್ಕಿ ತರುತ್ತಿದ್ದ ಊರಿಗೆ ಅಕ್ಕಿ ಬರುವುದು ನಿಂತಿತು. ಅಂಗಡಿಗಳಲ್ಲಿ ತಕ್ಕಡಿ ನೊಣ ತೂಗುತ್ತಿತ್ತು. ಆಗ ಕುರ್ಚಿಯಲ್ಲಿದ್ದವರು ದಿನಕ್ಕೊಂದು ಸಭೆ ಕರೆದು ಸಮುದ್ರದ ಬಗ್ಗೆ ಮಾತಾಡುತ್ತಿದ್ದರು. ಹೊಟ್ಟೆಯ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ಎತ್ತಿದವನು ವಾಮನಯ್ಯ. ಅವನ ಕಸುಬೇ ಉಪಚಾರ. ಮದುವೆ ಮನೆಗಳಲ್ಲಿ ಅವನನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವುದು, ಪಂಕ್ತಿಯ ಉದ್ದಕ್ಕೂ ಬಗ್ಗಿ ನಡೆಯುತ್ತಾ 'ನಾಚ್ಕೋಬೇಡಿ, ಇನ್ನೊಂದು ಹೋಳಿಗೆ' ಅನ್ನುವುದು, ಹೊರಡುವವರನ್ನು ನಾಲ್ಕು ಹೆಜ್ಜೆ ಹಿಂಬಾಲಿಸಿ ಕಳಿಸಿಕೊಡುವುದು. ಕುಳ್ಳಗೆ, ಬೆಳ್ಳಗೆ, ಸದಾ ಕೈ ಜೋಡಿಸಿಕೊಂಡೇ ಇರುವ ಮನುಷ್ಯ. ಮದುವೆಗಳು ನಿಂತ ಮೇಲೆ ಅವನಿಗೆ ಕೆಲಸವಿಲ್ಲದಾಯಿತು. ಸುಮ್ಮನೆ ಕೂರುವ ಜೀವವಲ್ಲ, ಬೀದಿ ಬೀದಿ ತಿರುಗಿ ಕಂಡವರನ್ನೆಲ್ಲ ಕೇಳತೊಡಗಿದ.

"ಊಟ ಆಯ್ತಾ?"

ಅಷ್ಟೇ. ಬೇರೆ ಮಾತಿಲ್ಲ. ಆದರೆ ಅದನ್ನು ಕೇಳುವ ಅವನ ದನಿಯಲ್ಲಿ ತುಪ್ಪ ಕಾಯಿಸಿದ ವಾಸನೆ ಇರುತ್ತಿತ್ತು. ಹೆಂಗಸರ ಕಣ್ಣಲ್ಲಿ ನೀರು ಬರುತ್ತಿತ್ತು. 'ಇಷ್ಟು ಜನ ಆಳಿದರು, ನಮ್ಮ ಊಟ ಆಯ್ತಾ ಅಂತ ಕೇಳಿದವನು ಇವನೊಬ್ಬನೇ' ಎಂದು ಊರು ಕರಗಿಹೋಯಿತು. ಕುರ್ಚಿ ಖಾಲಿಯಾದಾಗ ಬೇರೆ ಹೆಸರೇ ಏಳಲಿಲ್ಲ. ನಾನೂ ಸಡಗರದಿಂದ ಒಳ್ಳೆಯ ಬೆತ್ತವನ್ನೇ ಹೆಣೆದೆ.

ಅಂಬುಜ ಮಾತ್ರ ಮೂಗು ಮುರಿದಳು. "ಅತಿ ವಿನಯಂ ಧೂರ್ತ ಲಕ್ಷಣಂ ಅಂತಾರೆ ರೀ. ಊಟ ಆಯ್ತಾ ಅಂತ ಕೇಳ್ದ, ಸರಿ. ಬಡಿಸಿದ್ನಾ?"

"ಕೇಳೋದಾದ್ರೂ ಕೇಳ್ದನಲ್ಲೇ" ಅಂದೆ ನಾನು.

ಇಲ್ಲಿ ನಮ್ಮ ಜನರ ಒಂದು ಗುಣ ಹೇಳಬೇಕು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ, ಯಾರಾದರೂ 'ಊಟ ಆಯ್ತಾ' ಅಂದರೆ ನಮ್ಮ ಬಾಯಲ್ಲಿ ಬರುವುದು 'ಆಯ್ತು' ಎಂದೇ. ಇಲ್ಲ ಅಂದರೆ ಊಟ ಕೇಳಿದ ಹಾಗಾಗುತ್ತದಲ್ಲ, ಮಾನ ಹೋಗುತ್ತದಲ್ಲ. ವಾಮನಯ್ಯ ಕುರ್ಚಿಯಿಂದಿಳಿದು ದಿನಾ ಬೀದಿಗೆ ಬರುತ್ತಿದ್ದ, ಮನೆ ಮನೆಯ ಮುಂದೆ ನಿಂತು ಕೇಳುತ್ತಿದ್ದ, ನಾವು 'ಆಯ್ತು ಆಯ್ತು, ನಿಮ್ದಾಯ್ತಾ?' ಅನ್ನುತ್ತಿದ್ದೆವು. ಅವನು ಚಾವಡಿಗೆ ಹೋಗಿ ಡಂಗುರ ಹೊಡೆಸುತ್ತಿದ್ದ: 'ಇವತ್ತು ಎಲ್ಲರದ್ದೂ ಊಟ ಆಗಿದೆ. ಅವರೇ ಬಾಯಿ ಬಿಟ್ಟು ಹೇಳಿದ್ದಾರೆ.' ಹೀಗೆ ಕೆಲವು ತಿಂಗಳು ನಡೆದ ಮೇಲೆ, ಊಟ ಆದವರಿಗೆ ಗಂಜಿ ಏಕೆ ಎಂದು ಬರಗಾಲಕ್ಕೆಂದು ತೆರೆದಿದ್ದ ಗಂಜಿಕೇಂದ್ರ ಮುಚ್ಚಿಸಿದ. ಊರ ಕಣಜದಲ್ಲಿ ಉಳಿದಿದ್ದ ಭತ್ತ ಚಾವಡಿಯ ಹಿಂದಿನ ಕೋಣೆಗೆ ಹೋಯಿತು. ಯಾರೂ ಏನೂ ಅನ್ನುವಂತಿರಲಿಲ್ಲ. ಅಂದಿದ್ದವರು ನಾವೇ ಅಲ್ಲವೇ?

ಮೂರು ವರ್ಷ ತುಂಬಿದ ದಿನ ಊರೆಲ್ಲ ಚಾವಡಿಯ ಮುಂದೆ ಸೇರಿತು. ಮುಂದೆ ಕೂರಬೇಕಾದವರು ಗೋವಿಂದಪ್ಪ ಮೇಷ್ಟ್ರು, ಅದಕ್ಕಾಗಿ ಹೊಸ ಅಂಗಿ ಹೊಲಿಸಿಕೊಂಡು ಬಂದಿದ್ದರು. ವಾಮನಯ್ಯ ಹೊಸಿಲಿಗೆ ಬಂದ. ಕೈ ಜೋಡಿಸಿದ. ಕಣ್ಣು ತುಂಬಿಕೊಂಡ. ಒಬ್ಬೊಬ್ಬರ ಮುಖವನ್ನೂ ನೋಡಿ, ಮದುವೆ ಮನೆಯ ಅದೇ ದನಿಯಲ್ಲಿ ಹೇಳಿದ.

"ಹೋಗಿ ಬರ್ತೀನಿ."

ಏನು ಮಾಡುತ್ತೀರಿ? ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿಕೊಂಡು ಬಂದ ಮಾತು. ನಮ್ಮ ಬುದ್ಧಿ ಎದ್ದು ಚಪ್ಪಲಿ ಹಾಕಿಕೊಳ್ಳುವ ಮೊದಲೇ ನಾಲಿಗೆ ಹೊರಟುಹೋಗಿತ್ತು. "ಹೋಗಿ ಬನ್ನಿ, ಹೋಗಿ ಬನ್ನಿ!" ಎಂದಿತು ಇಡೀ ಊರು. ಗೋವಿಂದಪ್ಪ ಮೇಷ್ಟ್ರೂ ಅಂದರು. ಸುಮ್ಮನೆ ನಿಂತಿದ್ದವಳು ಅಂಬುಜ ಒಬ್ಬಳೇ. ವಾಮನಯ್ಯ ಮೆಟ್ಟಿಲಿಳಿದು ಬೀದಿಯ ಕೊನೆಯವರೆಗೆ ಹೋದ, ಒಂದು ಎಳನೀರು ಕುಡಿದ, ಬಾಯಿ ಒರೆಸಿಕೊಂಡ, ತಿರುಗಿ ಬಂದು ಕುರ್ಚಿಯಲ್ಲಿ ಕೂತ.

"ಏನ್ಮಾಡ್ಲಿ?" ಎಂದ, ನಿಜವಾಗಿಯೂ ಸಂಕಟವಾದವನ ಹಾಗೆ. "ಬನ್ನಿ ಅಂತ ನೀವೇ ಅಂದ್ರಿ. ಕಾಲು ನನ್ ಮಾತು ಕೇಳ್ತಾ ಇಲ್ಲ."

ಹಿರಿಯರು ಅರಳೀಕಟ್ಟೆಯಲ್ಲಿ ಕೂತು ತಲೆ ಕೆರೆದುಕೊಂಡರು. ಶಾಸ್ತ್ರದಲ್ಲಿ ಇದಕ್ಕೆ ದಾರಿಯೇ ಇರಲಿಲ್ಲ. ನಮ್ಮ ಹಿರಿಯರು ಬರೆಯುವಾಗ ಇಂಥ ವಿನಯವಂತ ಹುಟ್ಟುತ್ತಾನೆ ಎಂದುಕೊಂಡಿರಲಿಲ್ಲ. ಗೋವಿಂದಪ್ಪ ಮೇಷ್ಟ್ರು ಮಾತ್ರ ಮಾರನೆಯ ದಿನ ಚಾವಡಿಗೆ ಹೋಗಿ ಗಟ್ಟಿಯಾಗಿ ಎರಡು ಮಾತಾಡಿದರು. ಆ ವಾರವೇ ವಾಮನಯ್ಯ ಅವರಿಗೆ ಒಂದು ಬೀಳ್ಕೊಡುಗೆ ಏರ್ಪಡಿಸಿದ. ಹಾರ, ಶಾಲು, ಫಲ ತಾಂಬೂಲ, ಮುಂದೆ ವಾದ್ಯ, ಹಿಂದೆ ಕೋಲು ಹಿಡಿದ ಕಾವಲಿನವರು. ಊರ ಗೋಡೆಗೆ ಇರುವ ಒಂದೇ ಬಾಗಿಲಾದ ಅಗಸೆಗೆ ಕರೆದುಕೊಂಡು ಹೋಗಿ, "ಒಂದ್ಮಾತು ಹೇಳ್ಬಿಡಿ ಮೇಷ್ಟ್ರೇ" ಅಂದ. ಕೋಲುಗಳನ್ನು ನೋಡಿ ಮೇಷ್ಟ್ರು 'ಹೋಗ್ತೀನಿ' ಅಂದರು. ಮತ್ತೆ ಅವರ ಕಾಲು ನಮ್ಮೂರಿನ ಹೊಸಿಲು ಮುಟ್ಟಲಿಲ್ಲ. ಅವರ ಹಿಂದೆ ಇನ್ನೂ ಎಷ್ಟೋ ಜನ ಹಾಗೇ ಹೋದರು. ಕೆಲವರು ದೂರದ ಊರು ಹಿಡಿದರು, ಕೆಲವರು ಗೋಡೆಯಾಚೆಯ ಹುಣಸೆ ತೋಪಿನಲ್ಲಿ ಗುಡಿಸಲು ಹಾಕಿಕೊಂಡರು. ವಾಮನಯ್ಯನೋ, ಎಲ್ಲಿಗೆ ಎದ್ದು ಹೋಗುವುದಿದ್ದರೂ, ಹಿತ್ತಲಿಗೆ ಹೋಗುವುದಿದ್ದರೂ ಈಗ 'ಹೋಗಿ ಬರ್ತೀನಿ' ಅನ್ನದೆ ಹೋಗುತ್ತಿರಲಿಲ್ಲ. ಎದುರಿಗಿದ್ದವರು 'ಹೋಗಿ ಬನ್ನಿ' ಅನ್ನುತ್ತಿದ್ದರು. ಕುರ್ಚಿ ಅವನದಾಯಿತು.

ಎರಡನೆಯ ಮೂರು ವರ್ಷವೂ ಹಾಗೇ ಕಳೆಯಿತು. ಅಷ್ಟರಲ್ಲಿ ನಾವು ಹುಣಸೆ ಚಿಗುರು, ಕೆಸುವಿನ ಗೆಡ್ಡೆ ತಿನ್ನುವುದನ್ನು ಕಲಿತಿದ್ದೆವು. ಒಂದು ಬೆಳಿಗ್ಗೆ ನೀರಿನ ಕೊಳಾಯಿಯ ಮುಂದೆ ಹೆಂಗಸರೆಲ್ಲ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಅಂಬುಜನ ಕೊಡ ಭಾರವೆಂದು ನಾನೂ ಜೊತೆಗೆ ಹೋಗಿದ್ದೆ. ವಾಮನಯ್ಯ ಕೈ ಜೋಡಿಸಿಕೊಂಡು ಆ ದಾರಿಯಲ್ಲೇ ಬಂದ. ಊಟ ಆಯ್ತಾ, ಆಯ್ತು. ಊಟ ಆಯ್ತಾ, ಆಯ್ತು. ಅಂಬುಜನ ಮುಂದೆ ಬಂದ. ಕಾಲು ತುಳಿಯೋಣವೆಂದರೆ ನಡುವೆ ಕೊಡವಿತ್ತು.

"ಊಟ ಆಯ್ತಾಮ್ಮ?"

"ಇಲ್ಲ" ಅಂದಳು ಅಂಬುಜ.

ವಾಮನಯ್ಯನ ನಗು ಹಾಗೇ ಇತ್ತು, ಕಣ್ಣು ಮಾತ್ರ ಪಿಳಿಪಿಳಿ ಅಂದವು. ಆರು ವರ್ಷದಲ್ಲಿ ಆ ಉತ್ತರವನ್ನು ಅವನು ಕೇಳಿರಲಿಲ್ಲ. "ಏನಂದ್ರಿ?"

"ಆಗಿಲ್ಲ ಅಂದೆ. ನಿನ್ನೆನೂ ಆಗಿಲ್ಲ. ಮೊನ್ನೆ ಅರ್ಧ ಆಯ್ತು. ನೀವು ಕೇಳಿದ್ರಲ್ಲ, ಹೇಳ್ತಾ ಇದೀನಿ. ಬಡಿಸ್ತೀರಾ?"

ಸಾಲಿನಲ್ಲಿ ಯಾವುದೋ ಕೊಡ ಠಣ್ಣೆಂದು ಬಿತ್ತು. ಹಿಂದಿನಿಂದ ಒಂದು ಸಣ್ಣ ದನಿ, "ನಂದೂ ಆಗಿಲ್ಲ" ಅಂದಿತು. ಇನ್ನೊಂದು ಅಂದಿತು. ಅವರ ಮಾತಿಗಿಂತ ಅವರ ಮುಖದ ಹಗುರ ನೋಡಿ ವಾಮನಯ್ಯ ಹೆದರಿದ ಅಂತ ಕಾಣುತ್ತದೆ. ಸಂಜೆ ಕಾವಲಿನವರು ನಮ್ಮ ಮನೆಗೆ ಒಂದು ತಟ್ಟೆ ತಂದರು. ತಟ್ಟೆಯಲ್ಲಿ ಶಾಲು, ಹಾರ, ತೆಂಗಿನಕಾಯಿ. ನಾಳೆ ಬೆಳಿಗ್ಗೆ ಅಗಸೆಯಲ್ಲಿ ಅಂಬುಜಮ್ಮನವರಿಗೆ ಬೀಳ್ಕೊಡುಗೆ.

ನಾನು ಜಗಲಿಯಲ್ಲಿ ಕುಸಿದು ಕೂತೆ. ಅತ್ತುಬಿಟ್ಟೆ ಎಂದು ಹೇಳುವುದಕ್ಕೇನು ನಾಚಿಕೆ. ಅಂಬುಜ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿದೆಯೇ ಎಂದು ನೋಡಿದಳು. "ಕಾಯಿ ಚೆನ್ನಾಗಿದೆ" ಅಂದಳು. ಒಡೆದು, ಒಂದು ಹೋಳು ನನಗೆ ಕೊಟ್ಟು, ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹೊರಟಳು. ಊರು ಬಿಡುವ ಮುತ್ತೈದೆ ಮನೆ ಮನೆಗೆ ಹೋಗಿ ಕುಂಕುಮ ಕೊಟ್ಟು ಬರುವುದು ಪದ್ಧತಿ, ಕಾವಲಿನವರು ತಡೆಯುವಂತಿರಲಿಲ್ಲ. ಬೀದಿಯ ಒಂದು ಮನೆಯನ್ನೂ ಬಿಡದೆ ಹೋದಳು. ಹಿಂದಿರುಗಿ ಬಂದು ನನ್ನ ಪಕ್ಕ ಕೂತಳು.

"ನೋಡಿ, ನಾಳೆ ಅಗಸೆ ಹತ್ರ ಅವ್ನು ಊರಿನವರಿಗೆ 'ಹೋಗಿ ಬರ್ತೀನಿ' ಅಂತಾನೆ. ನೀವು ಬಾಯಿ ಬಿಡ್ಕೂಡ್ದು."

"ಅವ್ನ್ಯಾಕೆ ಹೋಗ್ತಾನೆ? ಹೋಗೋಳು ನೀನು."

"ಅವ್ನಿಗೆ ಉಪಚಾರದ ಚಟ ರೀ. ಕುಡುಕರಿಗೆ ಹೆಂಡ ಇದ್ದಂಗೆ. ಎಲ್ಲಾ ಮನೇಲೂ ಹೇಳಿ ಬಂದಿದೀನಿ, ನಾಳೆ ಒಂದು ಮಾತಲ್ಲಿ ಅರ್ಧ ಹೇಳಿ, ಅರ್ಧ ನುಂಗ್ಕೊಳ್ಳಿ ಅಂತ. ಎಲ್ರೂ ಹೂಂ ಅಂದ್ರು. ಹೂಂ ಅಂದು, ನಿಮ್ಮ ಯಜಮಾನ್ರದ್ದೇ ಭಯ ಅಂದ್ರು."

"ಅದೂ ನಿಜವೇ" ಅಂದೆ.

"ಅದಕ್ಕೇ ನಿಮಗೆ ಅರ್ಧವೂ ಬೇಡ. ಸುಮ್ನಿದ್ರೆ ಸಾಕು." ಇಷ್ಟು ಹೇಳಿ, ಅವಳು ಅಪರೂಪಕ್ಕೆ ಮಾತು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. ಬಾಯಿ ಜೋರಿದ್ದರೂ ಒಳಗೆ ಅವಳಿಗೂ ಹೆದರಿಕೆಯಾಗಿತ್ತು.

ಬೆಳಿಗ್ಗೆ ಅಗಸೆಬಾಗಿಲ ಮುಂದೆ ಊರೇ ನೆರೆದಿತ್ತು. ವಾದ್ಯ ನಿಂತಿತು. ಅಂಬುಜ ಹಾರ ಹಾಕಿಸಿಕೊಂಡು, ಹೊಸಿಲ ಬಳಿ ನಿಂತು, ನನ್ನ ಕಡೆ ಒಂದು ಸಲವೂ ನೋಡದೆ, 'ಹೋಗ್ತೀನಿ' ಎಂದು ಪಟ್ಟನೆ ಹೇಳಿ ದಾಟಿಬಿಟ್ಟಳು. ಇನ್ನು ಅವಳು ನಮ್ಮ ಅಡುಗೆಮನೆಗೆ ಬರುವಂತಿಲ್ಲ, ನನ್ನನ್ನು ಬೈಯುತ್ತಾ ಹಾಸಿಗೆ ಕೊಡವುವಂತಿಲ್ಲ. ಅವಳು ಆಚೆ ನಿಂತು ತಿರುಗಿದಳು.

"ವಾಮನಯ್ಯನವ್ರೇ, ಮದುವೆ ಮನೇಲಿ ಯಾರೇ ಹೊರಟ್ರೂ ನಾಲ್ಕು ಹೆಜ್ಜೆ ಕಳಿಸ್ಕೊಡ್ತಿದ್ರಿ. ಕುರ್ಚಿ ಬಂದ್ಮೇಲೆ ಅದೂ ಬಿಟ್ಟು ಹೋಯ್ತೇನು? ಇಷ್ಟೇನಾ ನಿಮ್ಮ ಉಪಚಾರ?"

ವಾಮನಯ್ಯನ ಮುಖ ಕೆಂಪಾಯಿತು. ಅವನನ್ನು ಕಳ್ಳ ಅಂದಿದ್ದರೆ ನಕ್ಕುಬಿಡುತ್ತಿದ್ದ. ಉಪಚಾರ ತಪ್ಪಿದವನು ಅಂದರೆ ಹೇಗೆ ತಡೆದುಕೊಂಡಾನು? "ಛೆ ಛೆ, ಎಲ್ಲಾದ್ರೂ ಉಂಟೇ ತಾಯೀ" ಎನ್ನುತ್ತಾ ಮುಂದೆ ಬಂದ. ಹೊಸಿಲ ಬಳಿ ನಮ್ಮ ಕಡೆ ತಿರುಗಿ ಕೈ ಜೋಡಿಸಿ, "ಹೋಗಿ ಬರ್ತೀನಿ" ಎಂದು, ಉತ್ತರಕ್ಕೂ ಕಾಯದೆ ಕಾಲು ಆಚೆಗಿಟ್ಟ. ಉತ್ತರ ಬಾರದೆ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲವಲ್ಲ.

ಅರ್ಧ ಹೇಳುತ್ತೇವೆ ಎಂದು ಹೂಂಗುಟ್ಟಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ವಾಮನಯ್ಯ ನಾಲ್ಕು ಹೆಜ್ಜೆ ಮುಗಿಸಿ ನಿಂತ. ಇನ್ನು ತಿರುಗಿ ಬರಬೇಕು. ಯಾರೂ ಏನೂ ಅನ್ನದಿದ್ದರೆ ಅವನನ್ನು ತಡೆಯುವುದು ಏನೂ ಇರಲಿಲ್ಲ. ಅಂಬುಜ ಹೋದದ್ದು ದಂಡ, ಅಷ್ಟೇ. ಅವನು ತಿರುಗಿದ. ಆಗ, ಸುಮ್ಮನಿರಬೇಕೆಂದು ಆಣೆ ಹಾಕಿಸಿಕೊಂಡಂತೆ ನಿಂತಿದ್ದ ನನ್ನ ಬಾಯಿ, ಹುಟ್ಟಾ ಅಭ್ಯಾಸದಿಂದ, ನನ್ನನ್ನು ಕೇಳದೆ ತಾನಾಗಿ ತೆರೆದುಕೊಂಡಿತು.

"ಹೋಗಿ—"

ಅಗಸೆಯಾಚೆ ಅಂಬುಜನ ಮುಖ ಕಂಡಿತು. ನಾನು ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ರಕ್ತದ ಉಪ್ಪು ಬಾಯಿ ತುಂಬಿತು. 'ಬನ್ನಿ' ಗಂಟಲಲ್ಲೇ ಒದ್ದಾಡಿ ಒದ್ದಾಡಿ ಒಳಗಿಳಿಯಿತು.

ಅಷ್ಟು ಮೆದು ಮನುಷ್ಯ ಶೇಷಗಿರಿಯೇ ಅಂದನಲ್ಲ ಎಂದು ಊರಿಗೆ ಧೈರ್ಯ ಬಂದಿತೋ ಏನೋ. "ಹೋಗಿ" ಅಂದಳು ಎದುರುಮನೆಯ ಸಾವಂತ್ರಿ. "ಹೋಗಿ" ಅಂದ ಪದ್ಮನಾಭ. ಕೋಲು ಹಿಡಿದ ಕಾವಲಿನವನೊಬ್ಬ ಕೋಲು ಕೆಳಗಿಟ್ಟು "ಹೋಗಿ" ಅಂದ. ಆಮೇಲೆ ಯಾರು ಯಾರು ಅಂದರೋ ಗೊತ್ತಾಗಲಿಲ್ಲ. ಊರಿಗೆ ಊರೇ ಗುಡುಗಿತು. ವಾಮನಯ್ಯ ನಗುತ್ತಲೇ ಹೊಸಿಲವರೆಗೆ ಬಂದ, ಕಾಲೆತ್ತಲು ಹೋದ. ಏಳಲಿಲ್ಲ. ಪಂಚೆ ಎತ್ತಿ ಕಟ್ಟಿ ಮತ್ತೊಮ್ಮೆ ನೋಡಿದ. ಏಳಲಿಲ್ಲ. "ಹಿಂಗೆಲ್ಲಾ ಅಂತಾರಾ?" ಎಂದ, ನೊಂದ ದನಿಯಲ್ಲಿ. ನನಗೆ, ದೇವರಾಣೆ, ಪಾಪ ಅನ್ನಿಸಿತು.

ಆ ಮಧ್ಯಾಹ್ನವೇ ಚಾವಡಿಯ ಹಿಂದಿನ ಕೋಣೆ ಒಡೆದು ಭತ್ತ ಹಂಚಿದರು. ಆಮೇಲೆ ಹಾರೆ ಗುದ್ದಲಿ ಹಿಡಿದು ಅಗಸೆಗೆ ಬಂದರು. ಬಾಗಿಲನ್ನೇ ಕೆಡವಿಬಿಟ್ಟರೆ ಹೊಸಿಲೆಲ್ಲಿ, ತಡೆಯೆಲ್ಲಿ? ಅಂಬುಜಮ್ಮ ಒಳಗೆ ಬರಲಿ ಎಂದರು. ಅಂಬುಜ ಆಚೆಯಿಂದಲೇ ಬೈದಳು. "ಬುದ್ಧಿ ಎಲ್ಲಿಟ್ಟಿದೀರಿ? ನಾನು ಬಂದ್ರೆ ಅವ್ನೂ ಬರಲ್ವಾ? ಇರ್ಲಿ ಬಾಗ್ಲು." ಹಾರೆಗಳು ಕೆಳಗಿಳಿದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನಾನೊಬ್ಬನೇ ನೋಡಿದೆ.

ಅವತ್ತಿನಿಂದ ನನ್ನ ಸಂಸಾರ ಹುಣಸೆ ತೋಪಿನಲ್ಲಿ. ಬೆಳಿಗ್ಗೆ ಊರೊಳಗೆ ಹೋಗಿ ಬೆತ್ತದ ಕೆಲಸ ಮಾಡುತ್ತೇನೆ, ಸಂಜೆ ಅಗಸೆಯಲ್ಲಿ 'ಹೋಗಿ ಬರ್ತೀನಿ' ಅನ್ನುತ್ತೇನೆ, ಊರು 'ಹೋಗ್ಬಾ ಶೇಷಗಿರಿ, ಅಂಬುಜಮ್ಮನ್ನ ಕೇಳಿದ್ವಿ ಅಂತ ಹೇಳು' ಅನ್ನುತ್ತದೆ. ಕೊಳಾಯಿಯ ಮುಂದೆ ಈಗ ಯಾರಾದರೂ 'ಊಟ ಆಯ್ತಾ' ಅಂದರೆ, ಆಗದಿದ್ದವರು ಇಲ್ಲ ಅನ್ನುತ್ತಾರೆ. ಕೇಳುವವರು ಸಹ ಹಿಂದೆ ಮುಂದೆ ನೋಡಿ ಕೇಳುತ್ತಾರೆ.

ವಾಮನಯ್ಯನೂ ಅದೇ ತೋಪಿನಲ್ಲಿ ಒಂದು ಮರದ ಕೆಳಗೆ ಕೂತಿದ್ದ. ಅವನೇ ಕಳಿಸಿದ್ದ ಜನ ಸುತ್ತಮುತ್ತ ಇದ್ದರೂ ಯಾರೂ ಅವನನ್ನು ಹೊಡೆಯಲಿಲ್ಲ, ಮಾತಾಡಿಸಲೂ ಇಲ್ಲ. ಮೊದಲ ದಿನ ಅಂಬುಜ ಗಂಜಿ ಇಳಿಸಿ, ಅವನ ಕಡೆ ತಿರುಗಿ ಕೇಳಿದಳು.

"ಊಟ ಆಯ್ತಾ?"

"ಆಯ್ತು" ಅಂದ ಅವನು, ಕೈ ಜೋಡಿಸಿ.

"ಸರಿ ಬಿಡಿ" ಎಂದು ಅಂಬುಜ ಪಾತ್ರೆ ಮುಚ್ಚಿದಳು. ಮಾರನೆಯ ದಿನವೂ ಕೇಳಿದಳು, ಅವನೂ ಆಯ್ತು ಅಂದ, ಇವಳೂ ಮುಚ್ಚಿದಳು. ಅದರ ಮರುದಿನ ಅವನು ಪಾತ್ರೆಯ ಹಬೆಯನ್ನೇ ನೋಡಿದ.

"ಇಲ್ಲಮ್ಮ" ಅಂದ. "ಆಗಿಲ್ಲ."

"ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದು ಅಂಬುಜ ಎಲೆ ಹಾಕಿ, ಎರಡು ಸೌಟು ಬಡಿಸಿದಳು, ಉಪ್ಪಿನಕಾಯಿಯನ್ನೂ ಇಟ್ಟಳು. ಅವನು ತಲೆ ಎತ್ತದೆ ಉಂಡ. ಎಲೆ ತಾನೇ ಎತ್ತಿದ. ಕೈ ತೊಳೆದುಕೊಂಡು ನಮ್ಮ ಗುಡಿಸಲ ಬಾಗಿಲಿಗೆ ಬಂದು ನಿಂತ. ಕಣ್ಣಲ್ಲಿ ನೀರಿತ್ತು, ಈ ಸಲ ನಿಜವಾದ ನೀರೇ ಇರಬೇಕು. ಕೈ ಜೋಡಿಸಿದ.

"ಹೋಗಿ ಬರ್ತೀನಿ" ಅಂದ.

ನಾನು ಬಾಯಿ ತೆರೆದೆ. ಅಂಬುಜ ನನ್ನ ಕಾಲು ತುಳಿದಳು.